ದನಿ ಕಲಿಸುವ ಮಾಸ್ತರರು ಎಲ್ಲಿ ಕಲಿಯಬೇಕು?

ದೇವಿಕೊಪ್ಪ (ಕಲಘಟಗಿ ತಾಲ್ಲೂಕು): ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಜಾತ್ರೆಯ ನಾಟಕ ಮುಗಿದ ಮರುದಿನ ಪಾತ್ರಧಾರಿಗಳನ್ನು ಮಾತನಾಡಿಸುವುದು ಕಷ್ಟ. ಹಿಂದಿನ ರಾತ್ರಿ ಮೇಲೆದ್ದ ಪರದೆ ಬೆಳಗಿನ ಜಾವ ಕೆಳಗಿಳಿದಿರುತ್ತದೆ. ಗೌಡನ ಪಾತ್ರ ಮಾಡಿದವನೂ, ಅವನೆದುರು ಸಿಡಿದೆದ್ದ ನಾಯಕನೂ ಸನ್ನೆಯಲ್ಲಿಯೇ ಚಹಾ ಕೇಳುತ್ತಾರೆ. ‘ದನಿ ಕುಂತೈತ್ರಿ’ ಎಂಬ ಒಂದು ಮಾತಷ್ಟೇ ಹೊರಬರುತ್ತದೆ. ಜ್ಯೇಷ್ಠಮಧು, ಕಲ್ಲುಸಕ್ಕರೆ, ಬಿಸಿನೀರು ಎಂದು ಮನೆಮದ್ದು ಸಿದ್ಧವಾಗುತ್ತದೆ. ನಾಲ್ಕಾರು ದಿನಗಳಲ್ಲಿ ಹೆಚ್ಚಿನವರ ದನಿ ಮರಳುತ್ತದೆ. ವರ್ಷಕ್ಕೊಮ್ಮೆ ಬಣ್ಣ ಹಚ್ಚುವ ರೈತನಿಗೆ ಇದು ನಗೆಯ ಸಂಗತಿ. ಆದರೆ ಜಾತ್ರೆಯಿಂದ ಜಾತ್ರೆಗೆ ಪಯಣಿಸುವ ವೃತ್ತಿ ಕಲಾವಿದೆಯ ಪಾಡೇನು? ಆಕೆಯ ಹೊಟ್ಟೆಪಾಡು ಆ ಗಂಟಲಿನಲ್ಲಿಯೇ ಇದೆ.

ದೇವಿಕೊಪ್ಪ, ಬಯಲುಸೀಮೆ ಮುಗಿದು ಮಲೆನಾಡು ಆರಂಭವಾಗುವ ಅಂಚಿನ ಊರು. ಈ ಭಾಗದ ಹಳ್ಳಿಗಳಲ್ಲಿ ನಾಟಕ ಕಲಿಸುವವರನ್ನು ಮಾಸ್ತರರೆಂದೇ ಕರೆಯುತ್ತಾರೆ. ಪೇಟಿ ನುಡಿಸುವವರು, ಹಾಡು ಹೇಳಿಕೊಡುವವರು, ಮಾತು ತಿದ್ದುವವರು ಎಲ್ಲವೂ ಅವರೇ. ತಿಂಗಳು ಒಂದೂವರೆ ತಿಂಗಳ ತಾಲೀಮಿನಲ್ಲಿ, ದಿನವಿಡೀ ಹೊಲದಲ್ಲಿ ದುಡಿದು ಬಂದವರನ್ನು ಅವರು ನಟರನ್ನಾಗಿ ಮಾಡಬೇಕು. ಕೊನೆಯ ಸಾಲಿನಲ್ಲಿ ಕುಳಿತವನಿಗೂ ಮಾತು ಕೇಳಬೇಕೆಂಬುದು ಅವರ ಕಾಳಜಿ. ಆದುದರಿಂದ ತಾಲೀಮಿನಲ್ಲಿ ಹೆಚ್ಚು ಕೇಳಿಬರುವ ಸೂಚನೆ ಒಂದೇ: ‘ಇನ್ನಷ್ಟು ಜೋರು’.

ಜೋರಾಗಿ ಮಾತನಾಡುವುದಕ್ಕೂ ದೂರದವರೆಗೆ ಕೇಳುವಂತೆ ಮಾತನಾಡುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಕಲಿಸಬಲ್ಲವರನ್ನು ತಯಾರು ಮಾಡುವುದೇ ಧ್ವನಿ ಮತ್ತು ಮಾತಿನ ಶಿಕ್ಷಣದ ಸ್ನಾತಕೋತ್ತರ ತರಬೇತಿಯ ಉದ್ದೇಶ. ಇಂಗ್ಲೆಂಡ್, ಅಮೆರಿಕಗಳಲ್ಲಿ ಇದು ಸ್ವತಂತ್ರ ವೃತ್ತಿಯಾಗಿ ಬೆಳೆದಿದೆ. ನಮ್ಮಲ್ಲಿ ಬಿಡಿಬಿಡಿಯಾಗಿ ಇದ್ದರೂ ಒಂದು ವಿದ್ಯೆಯಾಗಿ ಇನ್ನೂ ಬೇರೂರಿಲ್ಲ.

ಏನಿದು ತರಬೇತಿ?

ಈ ಕೋರ್ಸುಗಳು ನಟನೆ ಕಲಿಸುವುದಿಲ್ಲ, ಗಾಯನವನ್ನೂ ಕಲಿಸುವುದಿಲ್ಲ. ಈಗಾಗಲೇ ರಂಗಭೂಮಿ, ಸಂಗೀತ ಅಥವಾ ಬೋಧನೆಯಲ್ಲಿ ಕೆಲವು ವರ್ಷ ದುಡಿದವರನ್ನು ಆಯ್ದುಕೊಂಡು, ಇನ್ನೊಬ್ಬರ ಧ್ವನಿಯನ್ನು ಆಲಿಸಿ ಅದರ ಶಕ್ತಿ ಮತ್ತು ತೊಡಕುಗಳನ್ನು ಗುರುತಿಸಿ ತಿದ್ದುವ ಶಿಕ್ಷಕರನ್ನಾಗಿ ಅವರನ್ನು ರೂಪಿಸುತ್ತವೆ.

ಪಠ್ಯವನ್ನು ಸ್ಥೂಲವಾಗಿ ಐದು ಭಾಗಗಳಾಗಿ ನೋಡಬಹುದು. ಮೊದಲನೆಯದು, ಉಸಿರಾಟ ಮತ್ತು ಧ್ವನಿಪೆಟ್ಟಿಗೆಯ ಶರೀರರಚನೆ. ಎರಡನೆಯದು ಧ್ವನಿವಿಜ್ಞಾನ, ಎಂದರೆ ನಾಲಿಗೆ, ತುಟಿ, ಅಂಗುಳಗಳ ಯಾವ ಚಲನೆಯಿಂದ ಯಾವ ಅಕ್ಷರ ಹುಟ್ಟುತ್ತದೆ ಎಂಬ ಶಾಸ್ತ್ರ. ಮೂರನೆಯದು, ನಾಟಕದ ಮಾತನ್ನು ಅರ್ಥ ಮತ್ತು ಲಯಗಳಿಗೆ ಅನುಗುಣವಾಗಿ ಒಡೆದು ಹೇಳುವ ಅಭ್ಯಾಸ. ನಾಲ್ಕನೆಯದು, ಬೇರೆ ಬೇರೆ ಪ್ರಾಂತ್ಯಗಳ ಮಾತಿನ ಧಾಟಿಯನ್ನು ಕಲಿಸುವ ಕ್ರಮ. ಐದನೆಯದು ಬೋಧನಾ ವಿಧಾನ. ವಿದ್ಯಾರ್ಥಿಯು ನಿಜವಾದ ತರಗತಿಯಲ್ಲಿ ಪಾಠ ಮಾಡಬೇಕು, ಹಿರಿಯ ಶಿಕ್ಷಕರು ಹಿಂದೆ ಕುಳಿತು ಗಮನಿಸಿ ಲೋಪ ತೋರಿಸಬೇಕು. ಕೊನೆಯಲ್ಲಿ ಒಂದು ಸಂಶೋಧನಾ ಪ್ರಬಂಧ.

ಲಂಡನ್ನಿನ ಸೆಂಟ್ರಲ್ ಸ್ಕೂಲ್ ಆಫ್ ಸ್ಪೀಚ್ ಅಂಡ್ ಡ್ರಾಮಾ ಈ ದಾರಿಯಲ್ಲಿ ಮೊದಲು ನಡೆದ ಸಂಸ್ಥೆಗಳಲ್ಲೊಂದು. 1906ರಲ್ಲಿ ಎಲ್ಸಿ ಫೋಗರ್ಟಿ ಎಂಬ ಶಿಕ್ಷಕಿ ಇದನ್ನು ಆರಂಭಿಸಿದರು. ಮುಂದೆ ಹೆಸರಾಂತ ನಟರಾದ ಲಾರೆನ್ಸ್ ಒಲಿವಿಯೆ, ಪೆಗಿ ಆಶ್‌ಕ್ರಾಫ್ಟ್ ಅವರು ಫೋಗರ್ಟಿಯ ವಿದ್ಯಾರ್ಥಿಗಳು. ನಟರ ತರಬೇತಿಯೊಂದಿಗೆ ಆರಂಭವಾದ ಸಂಸ್ಥೆ ಕಾಲಕ್ರಮದಲ್ಲಿ ಧ್ವನಿ ಶಿಕ್ಷಕರಿಗೆಂದೇ ಸ್ನಾತಕೋತ್ತರ ಶಿಕ್ಷಣವನ್ನು ರೂಪಿಸಿತು. ಸಿಸಿಲಿ ಬೆರ್ರಿ 1969ರಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿಯನ್ನು ಸೇರಿ ದಶಕಗಳ ಕಾಲ ಅಲ್ಲಿನ ನಟರ ಧ್ವನಿಯನ್ನು ಹದಗೊಳಿಸಿದರು. ಸ್ಕಾಟ್ಲೆಂಡ್ ಮೂಲದ ಕ್ರಿಸ್ಟಿನ್ ಲಿಂಕ್ಲೇಟರ್ ಅಮೆರಿಕದಲ್ಲಿ ನೆಲೆಸಿ, 1976ರಲ್ಲಿ ತಮ್ಮ ವಿಧಾನವನ್ನು ಗ್ರಂಥರೂಪಕ್ಕೆ ತಂದರು. 1986ರಲ್ಲಿ ಅಮೆರಿಕದಲ್ಲಿ ಧ್ವನಿ ಶಿಕ್ಷಕರದೇ ಒಂದು ವೃತ್ತಿಸಂಘ ಹುಟ್ಟಿಕೊಂಡಿತು. ನಾಟಕ ತಂಡದಲ್ಲಿ ಬೆಳಕಿಗೆ ಒಬ್ಬರು, ವೇಷಭೂಷಣಕ್ಕೆ ಒಬ್ಬರು ಇರುವಂತೆ ಧ್ವನಿಗೂ ಒಬ್ಬರು ಇರಬೇಕೆಂಬುದು ಅಲ್ಲಿ ಒಪ್ಪಿತವಾಗಿದ್ದು ಹೀಗೆ.

ಗಂಟಲೊಳಗೆ ನಡೆಯುವುದೇನು?

ಧ್ವನಿಪೆಟ್ಟಿಗೆಯಲ್ಲಿ ಅರ್ಧದಿಂದ ಮುಕ್ಕಾಲು ಅಂಗುಲ ಉದ್ದದ ಎರಡು ಮೃದುವಾದ ಮಡಿಕೆಗಳಿವೆ. ಇವೇ ಧ್ವನಿತಂತುಗಳು. ಶ್ವಾಸಕೋಶದಿಂದ ಮೇಲೇರುವ ಗಾಳಿಗೆ ಇವು ಕಂಪಿಸುತ್ತವೆ. ಸಾಮಾನ್ಯ ಮಾತಿನಲ್ಲಿ ಗಂಡಸರ ತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಬಾರಿ, ಹೆಂಗಸರವು ಸುಮಾರು 200 ಬಾರಿ ಒಂದಕ್ಕೊಂದು ಬಡಿಯುತ್ತವೆ. ಹೀಗೆ ಹುಟ್ಟುವ ಸಣ್ಣ ಸದ್ದು ಗಂಟಲು, ಬಾಯಿ, ಮೂಗುಗಳ ಪೊಳ್ಳಿನಲ್ಲಿ ಅನುರಣನಗೊಂಡು ಧ್ವನಿಯಾಗುತ್ತದೆ. ತಂಬೂರಿಯ ತಂತಿಗೆ ಬುರುಡೆಯಿದ್ದಂತೆ ಇದು. ತಂತಿಯನ್ನು ಎಷ್ಟೇ ಜಗ್ಗಿದರೂ ಬುರುಡೆಯಿಲ್ಲದೆ ನಾದ ತುಂಬುವುದಿಲ್ಲ.

ಅಭ್ಯಾಸವಿಲ್ಲದ ನಟನು ಧ್ವನಿ ಏರಿಸಬೇಕಾದಾಗ ಕುತ್ತಿಗೆಯ ಸ್ನಾಯುಗಳನ್ನು ಬಿಗಿದು ತಂತುಗಳನ್ನು ಒತ್ತಿ ಉಜ್ಜುತ್ತಾನೆ. ಗಂಟೆಗಟ್ಟಲೆ ಹೀಗಾದರೆ ಅವು ಊದಿಕೊಂಡು ಸರಿಯಾಗಿ ಕೂಡದಾಗುತ್ತವೆ. ಜನರು ದನಿ ಕೂತಿತೆನ್ನುವುದು ಇದನ್ನೇ. ವಿಶ್ರಾಂತಿಯಿಲ್ಲದೆ ತಿಂಗಳುಗಟ್ಟಲೆ ಮುಂದುವರಿದರೆ ಅಂಗೈಯಲ್ಲಿ ಗುದ್ದಲಿಯ ಕಾವು ಉಜ್ಜಿ ಜಡ್ಡುಗಟ್ಟುವಂತೆ ತಂತುಗಳ ಅಂಚಿನಲ್ಲಿ ಸಣ್ಣ ಗಂಟುಗಳು ಬೆಳೆಯುವುದುಂಟು. ಆಗ ಮೇಲಿನ ಸ್ವರಗಳು ಕೈಕೊಡುತ್ತವೆ, ಧ್ವನಿ ಒರಟಾಗುತ್ತದೆ.

ಅಭ್ಯಾಸವಿರುವ ನಟನ ದಾರಿ ಬೇರೆ. ಅವನು ಪಕ್ಕೆಲುಬುಗಳನ್ನು ಅಗಲಿಸಿ, ವಪೆಯನ್ನು ಕೆಳಗಿಳಿಸಿ ಉಸಿರು ತುಂಬಿಕೊಳ್ಳುತ್ತಾನೆ. ಕುತ್ತಿಗೆ, ದವಡೆಗಳನ್ನು ಸಡಿಲ ಬಿಡುತ್ತಾನೆ. ಅನುರಣನವನ್ನು ಬಾಯಿಯ ಮುಂಭಾಗಕ್ಕೆ ತರುತ್ತಾನೆ, ವ್ಯಂಜನಗಳನ್ನು ಖಚಿತವಾಗಿ ಒಡೆಯುತ್ತಾನೆ. ಕಡಿಮೆ ಶ್ರಮದಲ್ಲಿ ಹೆಚ್ಚು ದೂರ ಕೇಳಿಸುವುದು ಇದರಿಂದಲೇ. ಇದು ದೈವದತ್ತವಲ್ಲ, ಕಲಿಯಬಹುದಾದ ಕೌಶಲ.

ಈ ಜ್ಞಾನ ನಮಗೆ ಹೊಸತೂ ಅಲ್ಲ. ಆರು ವೇದಾಂಗಗಳಲ್ಲಿ ಶಿಕ್ಷಾ ಎಂಬುದು ಉಚ್ಚಾರದ ಶಾಸ್ತ್ರ. ಭರತನ ನಾಟ್ಯಶಾಸ್ತ್ರವು ವಾಚಿಕಾಭಿನಯವನ್ನು ವಿವರಿಸುವಾಗ ಎದೆ, ಕಂಠ, ಶಿರಸ್ಸು ಎಂಬ ಮೂರು ಸ್ಥಾನಗಳನ್ನು ಹೇಳುತ್ತದೆ. ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತ ಎಂದು ಮಾತಿನ ಆರು ಅಲಂಕಾರಗಳನ್ನು ಎಣಿಸುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಹುಟ್ಟನ್ನು ನಾಭಿಯಿಂದ ಮೇಲೇಳುವ ಗಾಳಿಗೆ ಜೋಡಿಸಿ, ಕಹಳೆಯ ಹೋಲಿಕೆ ನೀಡುತ್ತಾನೆ. ಮಾತಿನ ಬಲ ಗಂಟಲಿನದಲ್ಲ, ಉಸಿರಿನದು ಎಂಬ ತಿಳಿವಳಿಕೆ ಅಷ್ಟು ಹಳೆಯದು.

ಕುಂದಗೋಳದ ಪಾಠ

ಧ್ವನಿಯನ್ನು ಕಟ್ಟುವುದು ಎಂದರೇನೆಂದು ತಿಳಿಯಲು ಧಾರವಾಡ ಜಿಲ್ಲೆಯವರು ಲಂಡನ್ನಿಗೆ ಹೋಗಬೇಕಾಗಿಲ್ಲ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು (1886–1952), ಅಬ್ದುಲ್ ಕರೀಂ ಖಾನರ ಬಳಿ ಕಲಿಯುತ್ತಿದ್ದಾಗ ಹರೆಯದಲ್ಲಿ ಅವರ ಕಂಠ ಒಡೆಯಿತು. ಬಾಲ್ಯದ ಇಂಪು ಹೋಗಿ ಮೊಂಡು ದನಿ ಉಳಿಯಿತು. ಗುರುವಿನ ಮಾರ್ಗದರ್ಶನ ಮತ್ತು ಕಠಿಣ ಸಾಧನೆಯಿಂದ ಅವರು ಆ ಕಂಠವನ್ನು ಮತ್ತೆ ಪಳಗಿಸಿಕೊಂಡರು. ಮರಾಠಿ ಸಂಗೀತ ನಾಟಕಗಳ ರಂಗದ ಮೇಲೂ ಹೆಸರು ಮಾಡಿದರು.

ಗಂಗೂಬಾಯಿ ಹಾನಗಲ್ (1913–2009) ಅವರದು ಇನ್ನೂ ವಿಶಿಷ್ಟ ಉದಾಹರಣೆ. ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರ ಬಳಿ ಕಲಿತರು. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದ ಅವರ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ಎಳೆಯ, ತೆಳುವಾದ ಕಂಠ. ಗಂಟಲಿನ ಬೇನೆ ಮತ್ತು ಚಿಕಿತ್ಸೆಯ ನಂತರ ಅದು ತಗ್ಗಿ ಗಂಭೀರವಾಯಿತು. ಹಾಡುಗಾರಿಕೆ ಅಲ್ಲಿಗೆ ನಿಲ್ಲಬಹುದಾಗಿತ್ತು. ಹಾಗಾಗಲಿಲ್ಲ. ಬದಲಾದ ಕಂಠಕ್ಕೆ ತಕ್ಕಂತೆ ಗಾಯನವನ್ನು ಮರುರೂಪಿಸಿಕೊಂಡರು. ಇಂದು ನಾಡು ನೆನೆಯುವುದು ಆ ಗಂಭೀರ ಧ್ವನಿಯನ್ನೇ.

ಕಿರಾಣಾ ಪರಂಪರೆಯ ಈ ಇಬ್ಬರ ಬದುಕು ಒಂದು ಸತ್ಯವನ್ನು ತೋರಿಸುತ್ತದೆ. ಧ್ವನಿ ಕೆಟ್ಟರೆ ಅಥವಾ ಬದಲಾದರೆ ಕಲಾವಿದನ ಬದುಕು ಮುಗಿಯಲೇಬೇಕೆಂದಿಲ್ಲ, ಪಕ್ಕದಲ್ಲಿ ತಿಳಿದವರು ಇರಬೇಕು. ಬೆಳಗಿನ ಖರಜ ಸಾಧನೆ, ಎಂದರೆ ಮಂದ್ರ ಸ್ವರಗಳನ್ನು ದೀರ್ಘವಾಗಿ ನಿಲ್ಲಿಸುವ ಅಭ್ಯಾಸ, ಹಿಂದೂಸ್ತಾನಿ ಗಾಯಕರಿಗೆ ದಿನನಿತ್ಯದ ಪಾಠ. ಆಡುಮಾತಿನ ನಟನಿಗೆ ಅಂಥ ನಿತ್ಯ ಪಾಠ ಯಾವುದು? ಗಾಯಕನಿಗೆ ಗುರು ವರ್ಷಗಟ್ಟಲೆ ಸಿಗುತ್ತಾನೆ. ಹಳ್ಳಿಯ ನಟನಿಗೆ ಮಾಸ್ತರರು ಸಿಗುವುದು ಒಂದು ತಾಲೀಮಿನ ಅವಧಿಗೆ ಮಾತ್ರ.

ಹಿಂದೆ ಈ ಕೊರತೆಯನ್ನು ವೃತ್ತಿ ಕಂಪನಿಗಳು ಸ್ವಲ್ಪಮಟ್ಟಿಗೆ ತುಂಬಿದ್ದವು. ಗದುಗಿನ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಏಣಗಿ ಬಾಳಪ್ಪನವರ (1914–2017) ಕಲಾವೈಭವ ನಾಟ್ಯಸಂಘಗಳಂಥ ಕಂಪನಿಗಳಲ್ಲಿ ಹುಡುಗರು ಹಿರಿಯರ ಜೊತೆಗೇ ಬೆಳೆದು ಮಾತು, ಹಾಡು ಎರಡನ್ನೂ ಕಲಿಯುತ್ತಿದ್ದರು. ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿದ್ದವರು. ಕಂಪನಿಗಳು ಕ್ಷೀಣಿಸಿದಂತೆ, ನೋಡಿ ಕಲಿಯುವ ಆ ಪಾಠಶಾಲೆಯೂ ಕ್ಷೀಣಿಸಿತು.

‘ಶುದ್ಧ ಮಾತು’ ಎಂಬ ತೊಡಕು

ಧ್ವನಿ ಶಿಕ್ಷಣದ ಹೆಸರೆತ್ತಿದೊಡನೆ ಉತ್ತರ ಕರ್ನಾಟಕದ ಕಲಾವಿದರಲ್ಲಿ ಒಂದು ಅಳುಕು ಮೂಡುವುದು ಸಹಜ. ನಮ್ಮ ಮಾತನ್ನು ತಿದ್ದಿಬಿಡುತ್ತಾರೆಯೇ ಎಂಬುದೇ ಆ ಅಳುಕು. ಇದು ಆಧಾರವಿಲ್ಲದ್ದಲ್ಲ. ಇಂಗ್ಲೆಂಡಿನಲ್ಲಿಯೂ ಆರಂಭದ ದಿನಗಳಲ್ಲಿ ಮಾತಿನ ಶಿಕ್ಷಣವೆಂದರೆ ಮೇಲ್ವರ್ಗದವರ ಉಚ್ಚಾರವನ್ನು ಎಲ್ಲರ ನಾಲಿಗೆಗೆ ಹೊರಿಸುವುದು ಎಂಬಂತಿತ್ತು. ಹೂ ಮಾರುವ ಹುಡುಗಿಗೆ ಸಿರಿವಂತರ ಮಾತು ಕಲಿಸುವ ಪಂಡಿತನನ್ನು ಬರ್ನಾರ್ಡ್ ಷಾ ‘ಪಿಗ್ಮೇಲಿಯನ್’ ನಾಟಕದಲ್ಲಿ ಅಣಕಿಸಿದ್ದು ಈ ಹಿನ್ನೆಲೆಯಲ್ಲಿಯೇ.

ಇಂದಿನ ತರಬೇತಿಯ ಧೋರಣೆ ಬದಲಾಗಿದೆ. ನಟನ ತಾಯ್ನುಡಿಯ ಧಾಟಿ ತಪ್ಪಲ್ಲ, ಅದು ಅವನ ಬಂಡವಾಳ. ಅದರ ಜೊತೆಗೆ ಬೇರೆ ಧಾಟಿಗಳನ್ನು ಕಲಿಸುವುದು ಶಿಕ್ಷಕರ ಕೆಲಸವೇ ಹೊರತು ಇರುವುದನ್ನು ಅಳಿಸುವುದಲ್ಲ ಎಂಬುದು ಈಗಿನ ತಿಳಿವಳಿಕೆ.

ಕನ್ನಡಕ್ಕೆ ಇದನ್ನು ಅನ್ವಯಿಸಿ ನೋಡಬೇಕು. ದೇವಿಕೊಪ್ಪದ ಸೀಮೆಯ ನಟನ ಬಾಯಲ್ಲಿ ‘ಮನೆ’ ‘ಮನಿ’ಯಾಗುತ್ತದೆ, ‘ಇದೆ’ ‘ಐತಿ’ಯಾಗುತ್ತದೆ. ಹಳೆ ಮೈಸೂರಿನ ಹಳ್ಳಿಯ ನಟನ ಬಾಯಲ್ಲಿ ‘ಹಾಲು’ ‘ಆಲು’ ಆಗುವುದುಂಟು. ಪೌರಾಣಿಕ ನಾಟಕದ ದುರ್ಯೋಧನನಿಗೆ ಮಹಾಪ್ರಾಣ ಬೇಕು, ಸಾಮಾಜಿಕ ನಾಟಕದ ಗೌಡನಿಗೆ ಊರ ಮಾತೇ ಬೇಕು. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ರಂಗಕ್ಕೆ ತಂದಾಗ ಪರಿಸ್ಥಿತಿ ತಿರುವುಮುರುವಾಗಿತ್ತು. ಬೆಳಗಾವಿ ಸೀಮೆಯ ಮಾತನ್ನು ರಾಜಧಾನಿಯ ರಂಗವೇ ಕಲಿಯಬೇಕಾಯಿತು. ಯಾವ ಧಾಟಿಯೂ ಕೀಳಲ್ಲ, ಪ್ರತಿಯೊಂದನ್ನೂ ಕಲಿಯಲು ಕಿವಿ ಮತ್ತು ನಾಲಿಗೆಯ ಅಭ್ಯಾಸ ಬೇಕು. ಅದನ್ನು ಕ್ರಮವಾಗಿ ಕಲಿಸಬಲ್ಲವನೇ ಧ್ವನಿ ಶಿಕ್ಷಕ.

ನಮ್ಮಲ್ಲಿ ಏನಿದೆ?

ನಟರನ್ನು ತಯಾರಿಸುವ ಸಂಸ್ಥೆಗಳಿಗೆ ಕರ್ನಾಟಕದಲ್ಲಿ ಕೊರತೆಯಿಲ್ಲ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ, 1980ರಲ್ಲಿ ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ರಂಗಶಿಕ್ಷಣ ಕೇಂದ್ರವನ್ನು ಆರಂಭಿಸಿತು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಸ್ಥಾಪನೆಯಾಯಿತು. ಧಾರವಾಡದಲ್ಲಿಯೂ ಅದರ ಕೇಂದ್ರವಿದೆ. 1959ರಲ್ಲಿ ದೆಹಲಿಯಲ್ಲಿ ಆರಂಭವಾದ ರಾಷ್ಟ್ರೀಯ ನಾಟಕ ಶಾಲೆ ಬೆಂಗಳೂರಿನಲ್ಲಿಯೂ ಕೇಂದ್ರ ತೆರೆದಿದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿಯೇ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ಇಂಥ ಸಂಸ್ಥೆಗಳ ತರಬೇತಿಯಲ್ಲಿ ಧ್ವನಿಗೂ ಸ್ಥಾನವಿದೆ. ಆದರೆ ಅದು ನಟನೆಯ ಒಂದು ಭಾಗವಾಗಿ.

ಇನ್ನೊಂದು ತುದಿಯಲ್ಲಿ ಚಿಕಿತ್ಸೆ ಇದೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದದ್ದು. ಧಾರವಾಡದಲ್ಲಿ ಜೆಎಸ್ಎಸ್ ವಾಕ್ ಶ್ರವಣ ಸಂಸ್ಥೆಯಿದೆ. ಇಲ್ಲಿ ತಯಾರಾಗುವವರು ವಾಕ್ ಚಿಕಿತ್ಸಕರು. ಕೆಟ್ಟ ಧ್ವನಿಯನ್ನು ಆರೋಗ್ಯಕ್ಕೆ ಮರಳಿಸುವುದು ಅವರ ಹೊಣೆ. ಮೂರು ಗಂಟೆಯ ನಾಟಕದಲ್ಲಿ ಧ್ವನಿ ಕೆಡದಂತೆ ಕೀಚಕನ ಅಬ್ಬರವನ್ನು ಹೇಗೆ ಸಾಧಿಸಬೇಕೆಂಬ ಪ್ರಶ್ನೆ ಅವರ ವ್ಯಾಪ್ತಿಯ ಆಚೆಗಿನದು.

ಹೀಗೆ ನಟನೆ ಕಲಿಸುವವರು ಒಂದು ದಂಡೆಯಲ್ಲಿ, ಚಿಕಿತ್ಸೆ ಮಾಡುವವರು ಇನ್ನೊಂದು ದಂಡೆಯಲ್ಲಿ ನಿಂತಿದ್ದಾರೆ. ನಡುವಿನ ಸೇತುವೆಯೇ ಧ್ವನಿ ಶಿಕ್ಷಕ. ಆ ಶಿಕ್ಷಕರನ್ನು ತಯಾರಿಸುವ ಸ್ನಾತಕೋತ್ತರ ಶಿಕ್ಷಣಕ್ಕೆ ಹೊರದೇಶಕ್ಕೆ ಹೋಗಬೇಕೆಂದರೆ ಶುಲ್ಕ, ವಾಸ, ಪ್ರಯಾಣ ಸೇರಿ ಹಲವು ಲಕ್ಷ ರೂಪಾಯಿ ಬೇಕು. ಹೋದರೂ ಅಲ್ಲಿನ ಅಭ್ಯಾಸವೆಲ್ಲ ಇಂಗ್ಲಿಷ್ ಭಾಷೆಯ ಒತ್ತಿಗೆ ಹೊಂದಿದ್ದು. ಹ್ರಸ್ವ ದೀರ್ಘಗಳ, ಒತ್ತಕ್ಷರಗಳ, ಪ್ರಾಸದ ಕನ್ನಡಕ್ಕೆ ಅದನ್ನು ಹಾಗೆಯೇ ತಂದು ಹಚ್ಚಲಾಗದು.

ಆದರೆ ಧಾರವಾಡದ ಸುತ್ತಲೇ ಏನೇನು ಇದೆ ಎಂಬುದನ್ನು ಗಮನಿಸಬೇಕು. ವಾಕ್ ಶ್ರವಣ ಸಂಸ್ಥೆಯಲ್ಲಿ ಶರೀರಶಾಸ್ತ್ರದ ಜ್ಞಾನವಿದೆ. ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯದಲ್ಲಿಯೂ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಗುರುಕುಲದಲ್ಲಿಯೂ ಕಂಠಸಾಧನೆಯ ಪರಂಪರೆಯಿದೆ. ರಂಗಾಯಣದಲ್ಲಿ ನಟರಿದ್ದಾರೆ. 1950ರಲ್ಲಿ ಪ್ರಸಾರ ಆರಂಭಿಸಿದ ಧಾರವಾಡ ಆಕಾಶವಾಣಿಗೆ ಮಾತಿನ ದೀರ್ಘ ಅನುಭವವಿದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ದೊಡ್ಡಾಟ, ಸಣ್ಣಾಟ, ಗೀಗೀ ಪದಗಳ ಕಲಾವಿದರು ಹಳ್ಳಿಹಳ್ಳಿಗಳಲ್ಲಿದ್ದಾರೆ. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಬೇಕಾದ ಮರ, ಅರಗು, ಬಣ್ಣ ಎಲ್ಲವೂ ಇದ್ದರೂ ಜೋಡಿಸುವ ಕೈ ಇಲ್ಲದಿದ್ದರೆ ತೊಟ್ಟಿಲಾಗುವುದಿಲ್ಲ. ಇಲ್ಲಿಯೂ ಇಲ್ಲದಿರುವುದು ಆ ಜೋಡಣೆ. ಈ ಸಂಸ್ಥೆಗಳು ಕೂಡಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ರೂಪಿಸಿದರೂ ಕನ್ನಡದ್ದೇ ಆದ ಧ್ವನಿ ಶಿಕ್ಷಣಕ್ಕೆ ಬುನಾದಿ ಬಿದ್ದಂತಾಗುತ್ತದೆ.

ಉದ್ಯೋಗ ಎಲ್ಲಿ?

ಕಲಿತವರಿಗೆ ಕೆಲಸ ಎಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ರಂಗಶಾಲೆಗಳ ಆಚೆಗೂ ಧ್ವನಿಯನ್ನೇ ನಂಬಿ ಬದುಕುವವರು ಬಹಳ ಮಂದಿ. ವಾರ್ತಾ ವಾಚಕರು, ನಿರೂಪಕರು, ಕೀರ್ತನಕಾರರು, ವಕೀಲರು ಇದ್ದಾರೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ನಂತರ ಕನ್ನಡದಲ್ಲಿ ಡಬ್ಬಿಂಗ್‌ಗಿದ್ದ ತಡೆ ಸಡಿಲಗೊಂಡು ಕಂಠದಾನ ಕಲಾವಿದರಿಗೂ ಹೊಸ ಅವಕಾಶ ತೆರೆಯಿತು. ಎಲ್ಲಕ್ಕಿಂತ ದೊಡ್ಡ ವರ್ಗ ಶಾಲಾ ಶಿಕ್ಷಕರದು. ದಿನಕ್ಕೆ ಐದಾರು ಗಂಟೆ, ಗದ್ದಲದ ಕೋಣೆಯಲ್ಲಿ, ಮೈಕಿಲ್ಲದೆ ಮಾತನಾಡುವ ಅವರು ನಟರಿಗಿಂತಲೂ ಹೆಚ್ಚು ಧ್ವನಿ ಸವೆಸುತ್ತಾರೆ. ಶಿಕ್ಷಕರ ತರಬೇತಿ ಕಾಲೇಜುಗಳಲ್ಲಿ ಧ್ವನಿಯ ಪಾಠ ಹೇಳುವುದು ಈ ವಿದ್ಯೆ ಕಲಿತವರಿಗೆ ಒದಗಬಹುದಾದ ವಿಶಾಲ ಕ್ಷೇತ್ರ.

ತಾಲೀಮಿಗೆ ಮುನ್ನ

ಕೋರ್ಸ್ ಬರುವವರೆಗೆ ಕಾಯಬೇಕಾಗಿಲ್ಲ. ಹಳ್ಳಿಯ ನಾಟಕ ತಂಡಗಳೂ ಪಾಲಿಸಬಹುದಾದ ಕೆಲವು ಸಂಗತಿಗಳಿವೆ.

ತಾಲೀಮಿಗೆ ಮುನ್ನ ಹತ್ತು ನಿಮಿಷ ಬಾಯಿ ಮುಚ್ಚಿ ಮೆಲ್ಲಗೆ ಗುನುಗುವುದು, ತುಟಿಗಳನ್ನು ಸಡಿಲಬಿಟ್ಟು ಗಾಳಿಯಿಂದ ಅದುರಿಸುವುದು ಧ್ವನಿತಂತುಗಳನ್ನು ಹದಕ್ಕೆ ತರುತ್ತದೆ. ದಿನವಿಡೀ ಆಗಾಗ ನೀರು ಕುಡಿಯಬೇಕು. ತಂಬಾಕು, ಗುಟಕಾ, ಮದ್ಯಗಳು ಗಂಟಲಿಗೆ ಶತ್ರುಗಳು. ಪದೇ ಪದೇ ಕ್ಯಾಕರಿಸಿ ಗಂಟಲು ಸರಿಪಡಿಸಿಕೊಳ್ಳುವುದರಿಂದ ತಂತುಗಳಿಗೆ ಪೆಟ್ಟು ಬೀಳುತ್ತದೆ, ಒಂದು ಗುಟುಕು ನೀರು ನುಂಗುವುದು ಮೇಲು. ದನಿ ಕೂತಾಗ ಪಿಸುಮಾತೂ ಆಯಾಸವೇ, ಮೌನವೇ ಉತ್ತಮ. ಅಬ್ಬರದ ದೃಶ್ಯಗಳನ್ನು ಪ್ರತಿದಿನ ಪೂರ್ಣ ಧ್ವನಿಯಲ್ಲಿ ಮಾಡಿಸಬೇಕಾಗಿಲ್ಲ. ಮೈಕು ಇದ್ದಲ್ಲಿ ಅದನ್ನು ನಂಬಿ ಮಾತನಾಡಬೇಕು, ಅದರ ಜೊತೆ ಸ್ಪರ್ಧಿಸಬಾರದು. ಧ್ವನಿಯ ಒರಟುತನ ಎರಡು ಮೂರು ವಾರ ದಾಟಿದರೆ ಮನೆಮದ್ದು ಬಿಟ್ಟು ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು. ಗಂಟಲಿನ ಗಂಭೀರ ರೋಗಗಳಿಗೂ ಅದೇ ಮೊದಲ ಲಕ್ಷಣವಾಗಿರಬಹುದು.

ಇವೆಲ್ಲ ಸಣ್ಣ ಮಾತುಗಳು. ಆದರೆ ತಾಲೀಮು ನಡೆಯುವ ಪ್ರತಿಯೊಂದು ಊರಿಗೂ ಇವನ್ನು ತಲುಪಿಸಬಲ್ಲವರು ಯಾರು? ಪೇಟಿ ಹಿಡಿದು ಬರುವ ಮಾಸ್ತರರೇ. ಅವರಿಗೆ ಒಂದು ವಾರದ ಶಿಬಿರವನ್ನಾದರೂ ನಡೆಸಲು ತಿಳಿದವರು ಬೇಕು. ಆ ತಿಳಿದವರನ್ನು ತಯಾರಿಸಲು ವಿಶ್ವವಿದ್ಯಾಲಯ ಮನಸ್ಸು ಮಾಡಬೇಕು. ಉನ್ನತ ಶಿಕ್ಷಣವೆಂದು ಕಾಣುವ ಈ ವಿಷಯದ ಕೊನೆಯ ಫಲಾನುಭವಿ ದೇವಿಕೊಪ್ಪದಂಥ ಊರಿನ ಜಾತ್ರೆಯಲ್ಲಿ ಬಣ್ಣ ಹಚ್ಚಿ ನಿಲ್ಲುವವರು. ನಾಟಕದ ಮರುದಿನ ಬೆಳಿಗ್ಗೆ ಆ ಕಲಾವಿದೆ ಮುಂದಿನ ಊರಿನ ಬಸ್ಸು ಹತ್ತುವಾಗ ಟಿಕೆಟ್ ಕೇಳಲು ದನಿ ಉಳಿದಿರಬೇಕು, ರಾತ್ರಿ ಹಾಡಲೂ ಉಳಿದಿರಬೇಕು.